ಕೊನೆಯ ಪುಟದ ಮೇಕೆ

ಮೂವತ್ತೆರಡು ಪೆನ್ಸಿಲ್‌ಗಳಲ್ಲಿ ಇಪ್ಪತ್ತಾರನ್ನು ಕೆತ್ತಿ ಮುಗಿದಿತ್ತು. ಕ್ಲಾಸಿನ ಹಿಂದಿನ ಮೂಲೆಯಲ್ಲಿ ಹಳೇ ಕಾಗದ ಹಾಸಿಕೊಂಡು, ತಗಡಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಮೆಂಡರ್ ತಿರುಗಿಸುತ್ತಿದ್ದಳು. ಸೀಸ ಮುರಿದು ಒಳಗೇ ಸಿಕ್ಕಿಕೊಂಡಿದ್ದಕ್ಕೆ ಬ್ಲೇಡು. ಮಕ್ಕಳು ಕಚ್ಚಿ ಕಚ್ಚಿ ನಾರಾಗಿಸಿದ್ದಕ್ಕೆ ಒಂದು ಸುತ್ತು ಟೇಪು. ಮುಂದಿನ ಮೇಜಿನಲ್ಲಿ ಟೀಚರ್ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದರು. ಇಬ್ಬರ ನಡುವೆ ಒಂದು ಮಾತೂ ಇಲ್ಲ. ಅದೇನು ಹೊಸದಲ್ಲ, ಮೂರು ವರ್ಷದಿಂದ ಬೆಳಗಿನ ಈ ಕಾಲು ಗಂಟೆ ಹೀಗೇ ಕಳೆಯುತ್ತದೆ. ಆದರೆ ಇವತ್ತು ಅವಳ ಅಂಗೈ ಬೆವರಿ ಪೆನ್ಸಿಲ್ ಜಾರುತ್ತಿತ್ತು. ಟೀಚರ್ ಮೊಣಕೈ ಪಕ್ಕದಲ್ಲೇ ಚಿತ್ರದ ಪುಸ್ತಕ ಇತ್ತು. ಅದನ್ನು ಹೊಲಿದು ತಂದವಳು ಅವಳೇ. ಅದರ ಐದು ಹಾಳೆಗಳನ್ನು ಬರೀ ಅಂದಾಜಿನ ಮೇಲೆ ಜೋಡಿಸಿದ್ದಳು.

ಅವಳು ಈ ಶಾಲೆಯ ಆಯಾ. ಕಸ ಗುಡಿಸುವುದು, ನೀರು ತುಂಬಿಸುವುದು, ಬಿದ್ದು ಮಂಡಿ ತರಚಿಕೊಂಡವರಿಗೆ ಹತ್ತಿ ಒತ್ತುವುದು, ಎಲ್ಲ ಅವಳದೇ. ಒಂದನೇ ಕ್ಲಾಸಿನವರು ಮಾತ್ರ ಅವಳನ್ನು ಪೆನ್ಸಿಲಕ್ಕ ಅನ್ನುತ್ತಿದ್ದರು. ಅವಳ ಓದು ನಾಲ್ಕನೇ ಕ್ಲಾಸಿಗೇ ನಿಂತಿತ್ತು. ಅಮ್ಮ ಹಾಸಿಗೆ ಹಿಡಿದಳು, ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಒಂದು ವರ್ಷ ಆ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ತನ್ನ ಹಳೇ ಕ್ಲಾಸಿನ ಕಿಟಕಿ ಹತ್ತಿರ ನಿಲ್ಲುತ್ತಿದ್ದಳು. ಮಗು ಅತ್ತರೆ ಒಳಗಿನವರು ಓಡಿಸುತ್ತಿದ್ದರು. ಆಮೇಲೆ ಹೋಗುವುದನ್ನೇ ಬಿಟ್ಟಳು.

ಬರೆಯುವುದು ಮತ್ತೆ ಕೈಗೆ ಹತ್ತಿದ್ದು ಈ ಮೂಲೆಯಲ್ಲಿ, ಈ ಪುಸ್ತಕದಿಂದ. ಅದೊಂದು ಮೇಕೆಯ ಕಥೆ, ಒಂದು ಹಾಳೆಗೆ ಒಂದೇ ಚಿತ್ರ. ಚಿತ್ರದ ಕೆಳಗಿದ್ದ ಅಕ್ಷರಗಳ ಮೇಲೆಲ್ಲ ಟೀಚರ್ ಬಿಳಿ ಕಾಗದ ಅಂಟಿಸಿಬಿಟ್ಟಿದ್ದರು. ಪುಟದ ಅಂಕಿಗಳೂ ಅದರಡಿ ಮುಚ್ಚಿಹೋಗಿದ್ದವು. ಸೋಮವಾರ ಬಂತೆಂದರೆ ಪುಸ್ತಕ ಎತ್ತಿ ಹಿಡಿದು ಕೇಳುತ್ತಿದ್ದರು:

“ಯಾರಿದು?”

“ಮೇಕೆ!”

“ಮೇಕೆ ಏನ್ಮಾಡ್ತು?”

“ಹಗ್ಗ!”

“ಹಗ್ಗ ಅಂತ ಅರ್ಧಕ್ಕೆ ಬಿಟ್ರೆ ಪಾಪ ಅದು ಬಾಯಿ ತೆಕ್ಕೊಂಡೇ ನಿಂತಿರತ್ತಲ್ರೋ. ಪೂರ್ತಿ ಹೇಳಿ.”

“ಮೇಕೆ ಹಗ್ಗ ತಿಂದಿತು!”

“ಎಲ್ಲಿ?”

“ಬಾಗಿಲ ಹತ್ತಿರ!”

“ಹಾಂ, ಈಗ ಬರೀರಿ.”

ಮಕ್ಕಳು ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದರು. ಮೂಲೆಯಲ್ಲಿ ಅವಳೂ ಹಿಡಿಯಲು ಬಾರದಷ್ಟು ಚಿಕ್ಕದಾದ ಪೆನ್ಸಿಲ್ ತುಂಡಿನಿಂದ ರದ್ದಿ ಕಾಗದದ ಬೆನ್ನಿಗೆ ಬರೆಯುತ್ತಿದ್ದಳು. ಬರೆದದ್ದನ್ನು ಡಬ್ಬಿಯ ತಳಕ್ಕೆ ತಳ್ಳುತ್ತಿದ್ದಳು. ಟೀಚರ್‌ಗೆ ಗೊತ್ತಿತ್ತೋ ಇಲ್ಲವೋ, ಅವರು ಒಂದು ಸಲವೂ ಕೇಳಿರಲಿಲ್ಲ. ಕೇಳದೇ ಇದ್ದದ್ದಕ್ಕೆ ಅವಳು ದಿನಾ ಬೆಳಗ್ಗೆ ಅತಿ ಚೂಪಾದ ಪೆನ್ಸಿಲನ್ನು ಅವರ ಮೇಜಿನ ಮೇಲೆ ಇಡುತ್ತಿದ್ದಳು. ಬಾಯಲ್ಲಿ ಹೇಳಲಾಗದ ಉಪಕಾರಕ್ಕೆ ಅವಳ ಕೈಯಿಂದ ಆಗುತ್ತಿದ್ದದ್ದು ಅಷ್ಟೇ.

ಆದರೆ ಹತ್ತು ಗಂಟೆಯ ಗಂಟೆ ಹೊಡೆದರೆ ಅವಳು ಏಳಲೇಬೇಕು. ಆಗಲೇ ನಲ್ಲಿ ಬಿಡುವುದು. ಡ್ರಮ್ಮು ತುಂಬದಿದ್ದರೆ ಹೆಡ್ ಮೇಷ್ಟ್ರು ಶಾಲೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುತ್ತಾರೆ. ಮೇಕೆ ಬಾಗಿಲಿಂದ ಹೊರಟು, ಟೈಲರ್ ಅಂಗಡಿಗೆ ನುಗ್ಗಿ, ಅಂಗಿಯ ತೋಳು ತಿಂದು, ಟೈಲರ್ ಟೇಪು ಬೀಸಿಕೊಂಡು ಅಟ್ಟಿಸಿಕೊಂಡು ಬಂದು, ಮೇಕೆ ಬಸ್ಸಿನ ಹಿಂದೆ ಅಡಗುವ ಹೊತ್ತಿಗೆ ಸರಿಯಾಗಿ ಗಂಟೆ. ಅದು ಆರನೇ ಪುಟ. ಉಳಿದ ಐದು ಪುಟ ಮೂರು ವರ್ಷದಲ್ಲಿ ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. ವಾಪಸು ಬರುವಷ್ಟರಲ್ಲಿ ಪುಸ್ತಕ ಬೀರು ಸೇರಿ ಬೀಗ ಬಿದ್ದಿರುತ್ತಿತ್ತು.

ಶುಕ್ರವಾರ ಪುಸ್ತಕದ ದಾರ ಹರಿದು ಹಾಳೆಗಳೆಲ್ಲ ನೆಲಕ್ಕೆ ಚೆಲ್ಲಿದಾಗ, “ನಾನು ಹೊಲ್ಕೊಂಡು ಬರ್ತೀನಿ ಟೀಚರ್” ಎಂದು ಅವಳ ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯದು.

ಮನೆಯಲ್ಲಿ ಅತ್ತಿಗೆ ಬಿಟ್ಟಾಳೆಯೇ? “ನನ್ನ ರವಿಕೆಗೂ ಇಷ್ಟು ಸಣ್ಣ ಹೊಲಿಗೆ ಹಾಕಿದ್ರೆ ಇನ್ನೆರಡು ವರ್ಷ ಬಾಳ್ತಿತ್ತು ಕಣೇ,” ಎಂದು ನಕ್ಕಿದ್ದಳು. “ಒಂದು ಮೇಕೆಗೆ ಇಷ್ಟು ಉಪಚಾರ!”

ಅವಳು ಮೊದಲ ಆರು ಹಾಳೆಗಳನ್ನು ಜೋಡಿಸಿ ಪಕ್ಕಕ್ಕಿಟ್ಟಿದ್ದಳು. ಚಾಪೆಯ ಮೇಲೆ ಉಳಿದ ಐದು ಹಾಳೆ ಹರಡಿಕೊಂಡು ಕೂತಿದ್ದಳು. ಕೋಲು ಹಿಡಿದು ಓಡಿಸುವ ಮೇಷ್ಟ್ರು. ಸೇತುವೆ. ಮೇಕೆಯನ್ನು ತಬ್ಬಿಕೊಂಡ ಅಜ್ಜಿ. ಬಾಗಿಲಲ್ಲಿ ಹೊಸ ಹಗ್ಗ. ಮತ್ತೊಂದರಲ್ಲಿ ಶಾಲೆಯ ಕಿಟಕಿಗೆ ಮುಂಗಾಲು ಕೊಟ್ಟು ಒಳಗೆ ನೋಡುತ್ತಿರುವ ಮೇಕೆ. ಆ ಕೊನೆಯ ಹಾಳೆಯನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದು, ಎಲ್ಲಕ್ಕಿಂತ ಹಿಂದೆ ಇಟ್ಟು ಹೊಲಿದಿದ್ದಳು. ಹೆಡ್ ಮೇಷ್ಟ್ರು ಆಗಲೇ ಎರಡು ಸಲ ಅಂದಾಗಿತ್ತು: ಪೆನ್ಸಿಲ್ ಕೆತ್ತೋಕೆ ಕ್ಲಾಸೇ ಬೇಕಾ, ವರಾಂಡ ಸಾಲದಾ ಅಂತ. ಪುಸ್ತಕ ಕೆಟ್ಟರೆ ಆ ಮಾತೇ ಗಟ್ಟಿಯಾಗುತ್ತದೆ. ಈ ಮೂಲೆ ಕೈ ತಪ್ಪಿದರೆ ಅವಳ ಬರವಣಿಗೆಯೂ ಅಲ್ಲಿಗೇ ಮುಗಿಯಿತು.

ಇವತ್ತು ಸೋಮವಾರ. ಮಕ್ಕಳು ಬಂದು ಕೂತರು. ಟೀಚರ್ ಪುಸ್ತಕ ಎತ್ತಿ ಹಿಡಿದರು. ಆರು ಪುಟ ನೀರು ಹರಿದಂತೆ ಸಾಗಿತು. ಏಳನೆಯದು ತಿರುವಿದ್ದೇ ತಡ, ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಎದ್ದು ನಿಂತಳು. ಎಲ್ಲರೂ ಅವಳನ್ನು ಲಾಯರಮ್ಮ ಎನ್ನುತ್ತಿದ್ದರು.

“ಟೀಚರ್, ಇದಲ್ಲ! ಮೊದ್ಲು ಕಿಟಕಿ ಬರ್ಬೇಕು. ಆಮೇಲೆ ಮೇಷ್ಟ್ರು ಓಡಿಸ್ಬೇಕು. ಕಿಟಕಿಗೆ ಬರ್ದೇನೇ ಹೆಂಗೆ ಓಡಿಸ್ತಾರೆ?”

ಟೀಚರ್ ಉಳಿದ ಹಾಳೆ ತಿರುವಿ ನೋಡಿದರು. ಹುಬ್ಬು ಗಂಟಿಕ್ಕಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವಳು ಡಬ್ಬಿ ಎತ್ತಿಕೊಂಡು ಗೋಡೆಗಂಟಿಕೊಂಡೇ ಬಾಗಿಲ ಕಡೆ ಸರಿದಳು.

“ನಿಲ್ಲಮ್ಮ. ಡ್ರಮ್ಮು ಎಲ್ಲೂ ಓಡಿಹೋಗಲ್ಲ.”

ಮೂವತ್ತೆರಡು ತಲೆ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಅವಳು ಡಬ್ಬಿಯನ್ನು ಎದೆಗವಚಿಕೊಂಡಳು.

“ತಪ್ಪಾಯ್ತು ಟೀಚರ್. ಬಿಚ್ಚಿ ಮತ್ತೆ ಹೊಲಿದು ಕೊಡ್ತೀನಿ.”

“ಅದಿರ್ಲಿ. ದಿನಾ ಇಲ್ಲೇ ಕೂತಿರ್ತೀಯ. ಮುಂದೇನಂತ ಗೊತ್ತಿರ್ಲಿಲ್ವಾ?”

“ಬಸ್ಸಿನವರೆಗೆ ಗೊತ್ತು.” ಅವಳು ನೆಲ ನೋಡಿದಳು. “ಅಷ್ಟೊತ್ತಿಗೆ ಗಂಟೆ ಹೊಡೀತದೆ.”

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು.

“ಕೂತ್ಕೊ,” ಎಂದರು. ಆಮೇಲೆ ಮಕ್ಕಳ ಕಡೆ ತಿರುಗಿ, “ಲಾಯರಮ್ಮ, ನಿಮ್ಮ ವಾದ ಸರಿ. ಆದ್ರೆ ಪೆನ್ಸಿಲಕ್ಕ ನಮಗೊಂದು ಹೊಸ ಕಥೆ ಹೊಲಿದು ಕೊಟ್ಟಿದಾಳೆ. ಹಳೇದು ನಿಮಗೆಲ್ಲ ಬಾಯಿಪಾಠ ಆಗಿ ಯೋಚ್ನೆ ಮಾಡೋದನ್ನೇ ಬಿಟ್ಟಿದ್ರಿ. ಈಗ ಹೇಳಿ ನೋಡೋಣ. ಮೇಷ್ಟ್ರು ಯಾಕೆ ಓಡಿಸಿದ್ರು?”

ಕ್ಲಾಸು ಒಂದು ಕ್ಷಣ ತಬ್ಬಿಬ್ಬಾಯಿತು. ನಂತರ ಜೇನುಗೂಡಿಗೆ ಕಲ್ಲೆಸೆದಂತಾಯಿತು.

“ಮೇಕೆ ಮೇಷ್ಟ್ರ ಚಪ್ಪಲಿ ತಿಂದಿತು!”

“ಮೇಕೆ ಲೇಟಾಗಿ ಬಂದಿತು!”

ಒಬ್ಬೊಬ್ಬರದನ್ನೂ ಪೂರ್ತಿ ಮಾಡಿಸಿ, ಬರೆಸಿ, ಟೀಚರ್ ಮೇಕೆಯನ್ನು ಸೇತುವೆ ದಾಟಿಸಿದರು, ಅಜ್ಜಿಯ ಕೈಗೆ ಒಪ್ಪಿಸಿದರು, ಹೊಸ ಹಗ್ಗ ಕಟ್ಟಿಸಿದರು. ಕೊನೆಗೆ ಕಿಟಕಿಯ ಚಿತ್ರ ಬಂತು.

“ಹೊಸ ಹಗ್ಗಾನೂ ತಿಂದು ಬಂದಿದೆ!” ಎಂದು ಯಾರೋ ಕೂಗಿ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು.

“ಅಲ್ರೋ, ಅಷ್ಟು ಬೈಸ್ಕೊಂಡು ಮತ್ತೆ ಯಾಕೆ ಬಂತು?”

ಲಾಯರಮ್ಮ ಜಡೆಯ ತುದಿ ಕಚ್ಚಿ ಯೋಚಿಸಿದಳು. “ಅದ್ರ ಪಾಠ ಇನ್ನೂ ಮುಗ್ದಿರ್ಲಿಲ್ಲ, ಟೀಚರ್.”

ಟೀಚರ್ ಮೇಜಿನ ಖಾನೆಯಿಂದ ಒಂದು ಬಿಳಿ ಪಟ್ಟಿ ಕಾಗದ ತೆಗೆದು ಹಿಂದಿನ ಮೂಲೆಗೆ ನಡೆದು ಬಂದರು. ತಮ್ಮ ಮೇಜಿನ ಮೇಲಿದ್ದ ಚೂಪು ಪೆನ್ಸಿಲನ್ನೂ ತಂದಿದ್ದರು.

“ಈ ಪುಟ ನಿಂದು. ಬರಿ. ನಿನ್ನ ಡಬ್ಬಿ ತಳದಲ್ಲಿರೋದನ್ನ ನೋಡಿದೀನಿ, ಬರಲ್ಲ ಅಂತ ಮಾತ್ರ ಹೇಳ್ಬೇಡ.”

ಅವಳು ಬರೆದಳು. ಎರಡು ಸಲ ಸೀಸ ಮುರಿಯಿತು. ಎರಡೂ ಸಲ ಮಕ್ಕಳೇ ತಮ್ಮ ಪೆನ್ಸಿಲ್ ಚಾಚಿದರು. ಬರೆದು ಮುಗಿದಾಗ ಟೀಚರ್ ಆ ಪಟ್ಟಿಯನ್ನು ಚಿತ್ರದ ಕೆಳಗೆ ಅಂಟಿಸಿ ಗಟ್ಟಿಯಾಗಿ ಓದಿದರು:

“ಮೇಕೆ ಕಿಟಕಿಯ ಹತ್ತಿರ ನಿಂತಿತು. ಈ ಸಲ ಯಾರೂ ಓಡಿಸಲಿಲ್ಲ.”

ತಾನು ಬರೆದದ್ದು ಇನ್ನೊಬ್ಬರ ದನಿಯಲ್ಲಿ ಹೀಗೆ ಕೇಳುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಸೀಸ ಮುರಿದಿದ್ದ ಪೆನ್ಸಿಲನ್ನು ಮತ್ತೆ ಚೂಪು ಮಾಡಿ ಟೀಚರ್ ಕೈಗಿತ್ತಳು.

“ನಾಳೆಯಿಂದ ನೀರು ಎರಡನೇ ಗಂಟೆ ಹೊಡೆದ ಮೇಲೆ ತುಂಬ್ಸು,” ಎಂದರು ಟೀಚರ್. “ನಲ್ಲಿ ಅಷ್ಟೊತ್ತಿನವರೆಗೂ ಬರತ್ತೆ, ನಾನೇ ನೋಡಿದೀನಿ. ಹೆಡ್ ಮೇಷ್ಟ್ರಿಗೆ ಈಗ್ಲೇ ಹೇಳ್ಬರ್ತೀನಿ.”

ಆಟದ ಗಂಟೆ ಹೊಡೆದು ಮಕ್ಕಳು ಹೋ ಎಂದು ಅಂಗಳಕ್ಕೆ ನುಗ್ಗಿದರು. ಅವರ ಹಿಂದೆಯೇ ಟೀಚರ್ ಚಪ್ಪಲಿ ಸದ್ದು ವರಾಂಡದ ಆ ತುದಿಗೆ ಹೋಯಿತು. ಬೀರು ಬೀಗವಿಲ್ಲದೆ ಬಾಯಿ ತೆರೆದುಕೊಂಡಿತ್ತು. ಪುಸ್ತಕ ಮೇಜಿನ ಮೇಲೇ ಇತ್ತು, ಕೊನೆಯ ಪುಟ ಮೇಲಕ್ಕೆ, ಅಂಟು ಇನ್ನೂ ಹಸಿ. ಅವಳು ಹತ್ತಿರ ಹೋಗಿ ನಿಂತಳು. ಮುಟ್ಟಲಿಲ್ಲ. ಹೊರಗಿನ ಗದ್ದಲದಲ್ಲಿ ತನಗೇ ಕೇಳಿಸದಷ್ಟು ಮೆಲ್ಲಗೆ ಅಂದಳು:

“ಟೀಚರ್, ಇನ್ನೊಂದ್ಸಲ ಓದಿ.”