ಪೆಡಲ್ಲಿಗೆ ನಮಸ್ಕಾರ

ನಂಬುವವರು ನಂಬಲಿ, ನಂಬದವರು ಲಗ್ಗೆರೆಗೆ ಬಂದು ವಿಚಾರಿಸಲಿ: ಡ್ರೈವರ್ ಬೈರಪ್ಪ ಬ್ರೇಕ್ ಪೆಡಲ್ಲಿಗೆ ಕ್ಷಮೆ ಕೇಳಿದ್ದು ಅಪ್ಪಟ ನಿಜ. ಅದೂ ಒಂದು ಸಲವಲ್ಲ, ತುಳಿದಾಗಲೆಲ್ಲ.

ರಾಜಾಜಿನಗರದ ಟ್ರಾನ್ಸ್‌ಪೋರ್ಟ್ ಕಂಪನಿಯೊಂದು ಹೊಸ ಕ್ಯಾಂಟರ್ ತರಿಸಿತ್ತು. ಗಕ್ಕನೆ ಬ್ರೇಕ್ ಹಾಕಿದರೂ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಅದರಲ್ಲಿತ್ತು. ಹಿರಿಯನೆಂದು ಅದರ ಕೀಲಿ ಬೈರಪ್ಪನಿಗೇ ಎಂದು ಮಾತಾಗಿತ್ತು. ಆದರೆ ಒದ್ದೆ ನೆಲದಲ್ಲಿ ಬ್ರೇಕ್ ಪರೀಕ್ಷೆ ಪಾಸಾಗಬೇಕು. ಫೇಲಾದರೆ ಗೋಡೌನಿನ ಹಳೇ ಟೆಂಪೋವೇ ಗತಿ. ಅವನೋ ಲಗ್ಗೆರೆಯ ತನ್ನ ಬೀದಿಗೆಲ್ಲ ಸುದ್ದಿ ಹಂಚಿಬಿಟ್ಟಿದ್ದ. ಹೆಂಡತಿ ಲಿಂಗಮ್ಮ ಕನ್ನಡಿಗೆ ಕಟ್ಟಲು ಕುಚ್ಚನ್ನೂ ಹೆಣೆದಿದ್ದಳು. ಕೊನೆಗೂ ಬೈರಪ್ಪನಿಗೊಂದು ಬ್ರೇಕ್ ಸಿಕ್ಕಿತ್ತು, ತುಳಿಯುವುದಷ್ಟೇ ಬಾಕಿ.

ಕೆಂಗೇರಿಯಾಚೆಯ ಯಾರ್ಡಿನಲ್ಲಿ ಸೋಪಿನ ನೀರು ಸುರಿದು, ಎದುರಿಗೆ ಖಾಲಿ ಡ್ರಮ್ಮುಗಳನ್ನು ನಿಲ್ಲಿಸಿದ್ದರು. ಹೊಸ ಗಾಡಿಯೆಂದು ಬೈರಪ್ಪ ಚಪ್ಪಲಿ ಕಳಚಿ ಹತ್ತಿದ. ವೇಗ ಹಿಡಿದ, ಬ್ರೇಕ್ ಒತ್ತಿದ. ಅಂಗಾಲಡಿಯಲ್ಲಿ ಪೆಡಲ್ಲು ಜೀವವಿದ್ದಂತೆ ದಡದಡ ನಡುಗಿತು. ಬೈರಪ್ಪ ಥಟ್ಟನೆ ಕಾಲೆತ್ತಿ, ಬಗ್ಗಿ ಪೆಡಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಕ್ಯಾಂಟರು ಡ್ರಮ್ಮುಗಳನ್ನು ಚೆಂಡಾಡಿತು.

ತರಬೇತಿ ಕೊಡಲು ಬಂದಿದ್ದ ಇಂಜಿನಿಯರ್ ಸುಧೀಂದ್ರ ಓಡಿಬಂದ. "ಏನಣ್ಣ, ಬ್ರೇಕ್ ಬಿಟ್ಟು ನಮಸ್ಕಾರ ಹಾಕ್ತಿದೀರ?"

"ಕಾಲು ತಾಗ್ತು ಸಾರ್."

"ಯಾರಿಗೆ?"

"ಒಳಗಿರೋರಿಗೆ."

"ಒಳಗೆ ಯಾರೂ ಇಲ್ಲ! ಚಕ್ರ ಜಾರದ ಹಾಗೆ ಎಬಿಎಸ್ಸೇ ಬ್ರೇಕ್ ಹಿಡಿದು ಬಿಟ್ಟು ಮಾಡುತ್ತೆ, ಅದಕ್ಕೇ ನಡುಗೋದು. ನೀವು ಬಿಟ್ಟು ಬಿಟ್ಟು ಪಂಪ್ ಮಾಡ್ಬೇಡಿ. ಜೋರಾಗಿ ತುಳಿದು ಹಾಗೇ ಹಿಡ್ಕೊಳಿ, ಡ್ರಮ್ಮು ತಪ್ಪಿಸಿ ಸ್ಟೀರಿಂಗ್ ತಿರುಗಿಸಿ. ಅಷ್ಟೇ."

"ಗೊತ್ತಾಯ್ತು ಸಾರ್."

ತಲೆಗೇನೋ ಗೊತ್ತಾಗಿತ್ತು. ಹುಟ್ಟಿದಾಗಿನಿಂದ ಯಾರಿಗೆ ತಾಗಿದರೂ ಹಿಂದಕ್ಕೆ ಸರಿದ ಕಾಲಿಗೆ ಯಾರು ಹೇಳಬೇಕು? ಮತ್ತೆ ನಡುಕ, ಮತ್ತೆ ನಮಸ್ಕಾರ, ಮತ್ತೆ ಡ್ರಮ್ಮು. ಬೂಟು ಹಾಕಿಸಿ ನೋಡಿದರು, "ಬೂಟುಗಾಲಲ್ಲಿ ಒದ್ದೆನಲ್ಲ!" ಎಂದು ಎರಡೂ ಕೈ ಮುಗಿದ. ಸುಧೀಂದ್ರ ಹಣೆ ಒರೆಸಿಕೊಂಡ. "ಇದೇ ಲಾಸ್ಟ್ ಚಾನ್ಸ್ ಅಣ್ಣ."

ಬೈರಪ್ಪ ಬೂಟು ಬಿಚ್ಚಿ ಗಾಡಿ ಎಬ್ಬಿಸಿದ. ಅಷ್ಟು ಹೊತ್ತೂ ಪಕ್ಕದಲ್ಲಿ ನಿಂತು ನೋಡುತ್ತಿದ್ದ, ಬಿಕಾಂ ಓದಿ ಅದೇ ಕಂಪನಿಯಲ್ಲಿ ಸ್ಟೀರಿಂಗ್ ಹಿಡಿದಿದ್ದ ಮಹೇಶ, ಮ್ಯಾನೇಜರಿನಿಂದ ಹಿಡಿದು ಬೀದಿನಾಯಿಯವರೆಗೆ ಎಲ್ಲರ ದನಿ ತೆಗೆಯುವ ಕಿಡಿಗೇಡಿ, ಎಲ್ಲೂ ಕಾಣಲಿಲ್ಲ. ಅವನು ಸೀಟಿನ ಹಿಂದಿನ ಮಲಗುವ ಹಲಗೆಯ ಮೇಲೆ, ಪರದೆಯ ಮರೆಯಲ್ಲಿ ಮುದುರಿ ಕೂತಿದ್ದನ್ನು ಬೈರಪ್ಪ ನೋಡಿರಲಿಲ್ಲ.

ಒದ್ದೆ ನೆಲ ಬಂತು. ಬೈರಪ್ಪ ತುಳಿದ. ಪೆಡಲ್ಲು ನಡುಗಿತು. ಹಿಮ್ಮಡಿ ಇನ್ನೇನು ಏಳಬೇಕು, ಎಲ್ಲಿಂದಲೋ ಹಣ್ಣುಹಣ್ಣು ಮುದುಕನ ದನಿ ಕೇಳಿಸಿತು.

"ಆಹಾ... ಬೈರಾ... ಅಲ್ಲೇ ಕಣಪ್ಪ ಬೆನ್ನುನೋವು. ಕಾಲ್ ತೆಗೀಬೇಡ ಮಗಾ, ತುಳಿ!"

ಬೈರಪ್ಪ ಬೆಚ್ಚಿದ. ಆದರೆ ಕಾಲಿಗೆ ಈ ಕೆಲಸ ಗೊತ್ತಿತ್ತು. ಚಿಕ್ಕಂದಿನಲ್ಲಿ ಅಜ್ಜನ ಬೆನ್ನು ತುಳಿದು ಆಶೀರ್ವಾದ ಪಡೆದ ಕಾಲು ಅದು, ಆ ಕಥೆ ಕಂಪನಿಯ ಡ್ರೈವರುಗಳಿಗೆಲ್ಲ ಬಾಯಿಪಾಠ!

"ಇಲ್ಲೇನಜ್ಜಾ?"

"ಹ್ಞೂಂ, ಇನ್ನೂ ಗಟ್ಟಿಯಾಗಿ!"

ಬೈರಪ್ಪ ಹಲ್ಲು ಕಚ್ಚಿ ಪೆಡಲ್ಲನ್ನು ನೆಲಕ್ಕೆ ಅದುಮಿ ಹಿಡಿದ. ಅದು ಗಡಗಡನೆ ನಡುಗಿದಷ್ಟೂ ಅಜ್ಜನಿಗೆ ಹಿತವಾಗುತ್ತಿದೆಯೆಂದು ಇನ್ನಷ್ಟು ಒತ್ತಿದ. ಸ್ಟೀರಿಂಗ್ ತಿರುಗಿಸಿದ. ಕ್ಯಾಂಟರು ಸ್ವಲ್ಪವೂ ಅಡ್ಡ ಜಾರದೆ, ಡ್ರಮ್ಮುಗಳನ್ನು ಬಳಸಿಕೊಂಡು ಹೋಗಿ ನಿಂತಿತು.

ಆ ರಭಸಕ್ಕೆ ಪರದೆ ಕಿತ್ತುಕೊಂಡು, ಅದನ್ನೇ ಸೆರಗಿನಂತೆ ತಲೆಗೆ ಸುತ್ತಿಕೊಂಡು, ಮಹೇಶ ಪಕ್ಕದ ಸೀಟಿಗೆ ತಲೆಕೆಳಗಾಗಿ ಬಂದಿಳಿದ.

ಸುಧೀಂದ್ರ ಬಾಗಿಲಿಗೆ ಬಂದು ಬಗ್ಗಿ ನೋಡಿದ. "ಪಾಸ್ ಅಣ್ಣ, ಗಾಡಿ ನಿಮ್ದೇ! ಆದ್ರೆ... ಇವರ್ಯಾರು?"

ಬೈರಪ್ಪ ಪರದೆ ಎತ್ತಿ ಮುಖ ನೋಡಿದ. "ಒಳಗಿರೋರು ಸಾರ್! ಥೂ ಬಡ್ಡೀಮಗನೇ, ಬಾ ಇಲ್ಲಿ, ನಿನ್ ಬೆನ್ನೂ ತುಳೀತೀನಿ!" ಎಂದವನೇ, ಹೊಟ್ಟೆ ಹಿಡಿದುಕೊಂಡು, ಗಾಜು ಅದುರುವಂತೆ ನಗತೊಡಗಿದ. ಯಾರ್ಡಿನಲ್ಲಿದ್ದವರೆಲ್ಲ ಸೇರಿ ನಕ್ಕರೂ ಅವನ ನಗುವಿನ ಮುಂದೆ ಏನೇನೂ ಕೇಳಿಸಲಿಲ್ಲ.