ಮಾವನಿಗೆ ಕೊಟ್ಟ ಆದೇಶ

ತರಬೇತಿ ಕೊಡಲು ಬಂದಿದ್ದ ಪ್ರವೀಣಕುಮಾರ ಸರ್ ಹಳದಿ ಜಾಕೀಟನ್ನು ಕೈಗಿತ್ತು, "ಇವತ್ತ ಕಮಾಂಡರ್ ನೀವ ನೋಡ್ರಿ" ಎಂದಾಗ ಮಲ್ಲೇಶ್ವರಿಗೆ ಕುಣಿಯುವಷ್ಟು ಖುಷಿಯಾಯಿತು. ಬೋನಾಳ ಕೆರೆಯಲ್ಲಿ ದೋಣಿ ಮುಳುಗಿದೆ ಎಂಬ ಅಣಕು ಕಾರ್ಯಾಚರಣೆ. ಸರಿಯಾಗಿ ನಡೆಸಿದರೆ ಸುರಪುರದ ಹೋಮ್‌ಗಾರ್ಡ್ ಮಲ್ಲೇಶ್ವರಿ ತಾಲ್ಲೂಕು ರಕ್ಷಣಾ ತಂಡದ ನಾಯಕಿ. ಕೆಡಿಸಿದರೆ ಆ ಪಟ್ಟ ಇನ್ಯಾರಿಗೋ.

ಖುಷಿ ನಿಂತದ್ದು ಹರಿಗೋಲಿನ ಕಡೆ ನೋಡುವ ತನಕ. ಹುಟ್ಟು ಹಿಡಿದು ಕೂತ ಮೀನುಗಾರ ಅವಳ ಮಾವ ಸಾಬಣ್ಣ!

ಮದುವೆಯಾದಾಗಿನಿಂದ ಅವಳು ಮಾವನಿಗೆ ಮುಖ ಕೊಟ್ಟು ಮಾತಾಡಿದವಳಲ್ಲ. ಊಟಕ್ಕೆ ಕರೆಯಬೇಕಾದರೆ ಹಿತ್ತಲ ಎಮ್ಮೆಗೆ, "ಹೊತ್ತಾತು, ಉಣ್ಣಾಕ ಬರಬೇಕಂತ" ಎನ್ನುವಳು. ಸಾಬಣ್ಣ ಕಂಬಕ್ಕೆ, "ಬಂದೆ" ಎನ್ನುವನು. ಜಗಳವೇನಿಲ್ಲ, ಆ ಮನೆಯ ಮರ್ಯಾದೆಯೇ ಹಾಗೆ. ಸೊಸೆ-ಮಾವನ ಸುದ್ದಿಯೆಲ್ಲ ಎಮ್ಮೆಗೇ ಗೊತ್ತು.

ತರಬೇತಿಯ ನಿಯಮವೋ ಕಡ್ಡಿ ಮುರಿದಂತೆ: ಆದೇಶ ಕೇಳಿದವರು ಅದನ್ನು ವಾಕಿಟಾಕಿಯಲ್ಲಿ ಮರಳಿ ಹೇಳಲೇಬೇಕು. ಗೋಣು ಹಾಕಿದರೆ ನಡೆಯುವುದಿಲ್ಲ.

ಮಲ್ಲೇಶ್ವರಿ ಉಪಾಯ ಹೂಡಿದಳು. ಜೊತೆಗಾರ ಬಬ್ಲುವನ್ನು ದೋಣಿಯ ಮೇಲ್ವಿಚಾರಕನನ್ನಾಗಿ ಮಾಡಿದಳು. ಅವಳು ಬಬ್ಲುಗೆ ಹೇಳುವಳು, ಬಬ್ಲು ಸಾಬಣ್ಣನಿಗೆ ದಾಟಿಸುವನು. "ಶಾಬಾಸ್! ಆದೇಶ ಹಿಂಗ ಸಾಲಾಗಿ ಇಳೀಬೇಕು" ಎಂದು ಸರ್ ಮೆಚ್ಚಿಕೊಂಡರು. ಮನೆಯ ಗುಟ್ಟು ಅವರಿಗೇನು ಗೊತ್ತು!

ಮುಳುಗುವವರ ಪಾತ್ರದ ಇಬ್ಬರನ್ನು ಸಾಬಣ್ಣ ಹರಿಗೋಲಿಗೆ ಹತ್ತಿಸಿಕೊಂಡ. ಆಂಬುಲೆನ್ಸ್ ಕೆಸರಿನಲ್ಲಿ ಸಿಕ್ಕಿದೆಯೆಂದು ಮಲ್ಲೇಶ್ವರಿಯೇ ಬಬ್ಲುವನ್ನು ಅತ್ತ ಓಡಿಸಿದಳು. ಅಷ್ಟರಲ್ಲಿ ಮೂರನೆಯವನು, ದಢೂತಿ ಹಣಮೇಶ, ನಾಟಕದ ಹುರುಪಿನಲ್ಲಿ ಹರಿಗೋಲಿನ ಅಂಚಿಗೆ ಜೋತುಬಿದ್ದ. ಸಾಬಣ್ಣ ಬಗ್ಗಿ ಅವನನ್ನು ಎಳೆಯತೊಡಗಿದ. ಬೆನ್ನ ಹಿಂದಿದ್ದ ಇಬ್ಬರೂ ಮೋಜು ನೋಡಲು ಅದೇ ಬದಿಗೆ ಸರಿದದ್ದು ಅವನಿಗೆ ಕಾಣಲಿಲ್ಲ. ದಂಡೆಯಲ್ಲಿದ್ದ ಮಲ್ಲೇಶ್ವರಿಗೆ ಕಂಡಿತು. ಹರಿಗೋಲು ವಾಲಿ ನೀರು ಒಳನುಗ್ಗಿತು. ಇದೀಗ ಅಣಕಲ್ಲ, ನಿಜ.

ಅವಳು ವಾಕಿಟಾಕಿಯನ್ನು ಬಾಯಿಗೆತ್ತಿದಳು. ಬಬ್ಲು ಇಲ್ಲ, ಎಮ್ಮೆಯೂ ಇಲ್ಲ.

"ಮಾವಾರ! ಅವನ್ನ ಎಳೀಬ್ಯಾಡ್ರಿ! ಹಿಂದಿನವರ್ನ ಆ ಬಾಜೂಕ ಕೂಡಸ್ರಿ! ಅವನ ಕೈಯಾಗ ಹಗ್ಗ ಕೊಟ್ಟು ದಂಡಿಗಿ ಬರ್ರಿ!"

ಸಾಬಣ್ಣ ತಟ್ಟನೆ ತಲೆಯೆತ್ತಿ ದಂಡೆಯ ಕಡೆ ನೋಡಿದ. ಮುದುಕ ಸಿಟ್ಟಾದನೇ? ಆಮೇಲೆ ವಾಕಿಟಾಕಿಯಲ್ಲಿ ಗೊರಗೊರ ಸದ್ದಾಯಿತು.

"ಮಾವಾರ, ಅವನ್ನ ಎಳೀಬ್ಯಾಡ್ರಿ. ಹಿಂದಿನವರ್ನ ಆ ಬಾಜೂಕ ಕೂಡಸ್ರಿ. ಅವನ ಕೈಯಾಗ ಹಗ್ಗ ಕೊಟ್ಟು ದಂಡಿಗಿ ಬರ್ರಿ. ಕೇಳ್ತವ್ವ, ಬರಾಕತ್ತೇನಿ."

ನಿಯಮ ನಿಯಮವೇ ಎಂದು ಸಾಬಣ್ಣ 'ಮಾವಾರ'ವನ್ನೂ ಬಿಡದೆ ಒಪ್ಪಿಸಿದ್ದ! ದಂಡೆಯ ಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಮಲ್ಲೇಶ್ವರಿಗೆ ನಗುವಿನ ಜೊತೆ ಅಳುವೂ ಬಂತು.

ಎಲ್ಲರೂ ಕ್ಷೇಮವಾಗಿ ದಡ ಮುಟ್ಟಿದರು. ಸಾಬಣ್ಣ ನೆಟ್ಟಗೆ ಸೊಸೆಯ ಎದುರಿಗೆ ಬಂದು ನಿಂತ.

"ನಿನ್ನ ದನಿ ಇಷ್ಟ ಜೋರ ಅದ ಅಂತ ಗೊತ್ತಿದ್ದಿಲ್ಲವ್ವ. ಇಷ್ಟ ವರ್ಷ ಯಾಕ ಸುಮ್ಮ ಇದ್ದಿ?"

"ನೀವೂ ಮಾತಾಡ್ಸಿದ್ದಿಲ್ಲಲ್ರಿ."

"ಅದೂ ಖರೇನ ಬಿಡು!"

ಶುರುವಾಯಿತು ನೋಡಿ. ಬಲೆ ಹರಿದದ್ದು, ಮೊಣಕಾಲು ನೋಯುವುದು, ಅವಳ ರೊಟ್ಟಿ ತನ್ನ ತಾಯಿ ಬಡಿದ ರೊಟ್ಟಿಯಂತೆಯೇ ಇರುವುದು. ಮುದುಕ ಹೇಳುತ್ತಲೇ ಹೋದ. ಮಲ್ಲೇಶ್ವರಿ ಕಣ್ಣರಳಿಸಿ ಕೇಳುತ್ತಲೇ ನಿಂತಳು.

ಪ್ರವೀಣಕುಮಾರ ಸರ್ ತಂಡದ ನಾಯಕಿಯ ಬಿಲ್ಲೆ ಹಿಡಿದು ಬಂದರು. "ಮಲ್ಲೇಶ್ವರಿಯವರ, ಇದನ್ನ ತಗೋರಿ..."

"ಜರಾ ತಡೀರಿ ಸರ್," ಎಂದಳು ಅವಳು. "ನಮ್ಮ ಮಾವಾರು ಮಾತಾಡಾಕತ್ತಾರ."