ಏಳದೆ ಉಳಿದ ಸಾಲು

ನೆನೆದ ಹಾಸುಬಟ್ಟೆಯ ಒಂದು ತುದಿ ತಾಯಿಯ ಕೈಯಲ್ಲಿ, ಇನ್ನೊಂದು ಮಗಳ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ಹಿಂಡುತ್ತಿದ್ದರು.

"ಅಮ್ಮಾ, ಒಂದು ಕೇಳ್ಲಾ?"

"ಮೊದಲು ಗಟ್ಟಿಯಾಗಿ ಹಿಡ್ಕೋ. ಆಮೇಲೆ ಕೇಳು."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಬಂದವರು ಭಾವ, ಗಂಡನ ಅಣ್ಣ. ಮಸೀದಿ ಕಮಿಟಿಯ ಕಾರ್ಯದರ್ಶಿ. ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ನಿಂತರು. ಕೂತು ಹೋಗುವ ಮಾತಲ್ಲವೆಂದು ಅವಳಿಗೆ ಅಲ್ಲೇ ಗೊತ್ತಾಯಿತು.

"ಮಸೀದೀಲಿರೋ ಹೆಂಗಸರ ಕೋಣೆಯ ಬೀಗದ ಕೈ ಕೊಟ್ಬಿಡಮ್ಮ. ಇನ್ಮೇಲೆ ಆ ಕೋಣೆ ಬೇಡ ಅಂತ ಕಮಿಟಿ ತೀರ್ಮಾನ ಮಾಡಿದೆ."

ಹರಿದ ಚಾಪೆ ತುಂಬಿದ್ದ ಆ ಕೋಣೆಯನ್ನು ಹೆಂಗಸರ ನಮಾಜಿಗೆ ಬಿಟ್ಟುಕೊಡಿಸಲು ಅವಳು ಯಾರ್ಯಾರ ಮನೆಯ ಹೊಸ್ತಿಲು ಸವೆಸಿದ್ದಳೋ. ಗುಡಿಸಿ ಒರೆಸುವವಳು ಅವಳೇ ಆದ್ದರಿಂದ ಬೀಗದ ಕೈಯೂ ಅವಳ ಸೊಂಟದಲ್ಲೇ ಇರುತ್ತಿತ್ತು. ಅಲ್ಲಿಂದ ನಮಾಜು ನಡೆಸುವ ಇಮಾಮರು ಕಾಣುವುದಿಲ್ಲ. ಗೋಡೆಯ ಸ್ಪೀಕರೇ ಕಣ್ಣು, ಅದೇ ಕಿವಿ.

ಹೋದ ಶುಕ್ರವಾರ ಎಲ್ಲರೂ ಸಜ್ದಾದಲ್ಲಿ ಹಣೆ ಊರಿದ್ದಾಗಲೇ ಸ್ಪೀಕರ್ ಬಾಯಿ ಮುಚ್ಚಿಕೊಂಡಿತ್ತು. ಇಮಾಮರ 'ಅಲ್ಲಾಹು ಅಕ್ಬರ್' ಕೇಳಿಸದೆ ಏಳುವುದು ಹೇಗೆ? ಹೆಂಗಸರ ಸಾಲು ಹಾಗೇ ಉಳಿಯಿತು. ಆಚೆ ಗಂಡಸರು ನಮಾಜು ಮುಗಿಸಿ ಚಪ್ಪಲಿ ಹುಡುಕುತ್ತಿದ್ದರು. ಇಣುಕಿದವನೊಬ್ಬ ಕಿಸಕ್ಕನೆ ನಕ್ಕ. ಸಂಜೆಯೊಳಗೆ ಬೀದಿಯೆಲ್ಲ ನಕ್ಕಿತು.

"ಇನ್ನು ನನ್ನ ಎಬ್ಬಿಸೋಕೆ ಜೀವ ಒಯ್ಯೋ ಇಜ್ರಾಯೀಲರೇ ಬರಬೇಕೇನೋ ಅಂದ್ಕೊಂಡಿದ್ದೆ ಕಣೋ," ಎಂದರು ಒಳಗಿನಿಂದ ಅತ್ತೆ.

ಅವರ ಹಿರಿಮಗ ನಗಲಿಲ್ಲ. "ತಮಾಷೆ ಅಲ್ಲಮ್ಮ. ನಿಮ್ಮ ನಮಾಜೇ ಕೆಟ್ಟುಹೋಯ್ತಲ್ಲ, ಅದಕ್ಕೇ ಹೇಳ್ತಿರೋದು. ಶುಕ್ರವಾರದ ಜುಮಾ ಹೆಂಗಸರಿಗೆ ಕಡ್ಡಾಯವೂ ಅಲ್ಲ. ಮನೇಲೇ ನೆಮ್ಮದಿಯಾಗಿ ಮಾಡ್ಕೊಳ್ಳಿ."

"ಕಡ್ಡಾಯ ಅಲ್ಲ ಅಂದ್ರೆ ಬರಲೇಬಾರದು ಅಂತಾನಾ ಭಾವ?"

"ನನ್ನ ಹತ್ರ ವಾದ ಬೇಡ. ನಾನೂ ನಾಲ್ಕು ಜನಕ್ಕೆ ಉತ್ತರ ಹೇಳಬೇಕು." ಅವರು ಅಂಗೈ ಚಾಚಿದರು.

ಅವಳ ಒದ್ದೆ ಬೆರಳು ಸೊಂಟ ತಡವಿತು. ಕೊಟ್ಟರೆ ಆ ಕೋಣೆಗೆ ಚಾಪೆಗಳೇ ವಾಪಸು. ಕೊಡದಿದ್ದರೆ ಮನೆ ಒಡೆದವಳೆಂಬ ಹೆಸರು. ಗಂಡ ದುಡಿಯುವುದೂ ಇವರ ಅಂಗಡಿಯಲ್ಲೇ. ಭಾವ ಚಾಚಿದ ಕೈ ಹಿಂದೆಗೆಯಲಿಲ್ಲ.

ಹಾಸುಬಟ್ಟೆಯ ತುದಿ ಹಿಡಿದೇ ನಿಂತಿದ್ದ ಮಗಳು ಬಾಯಿ ತೆರೆದಳು. ಸುಮ್ಮನಿರೆಂದು ತಾಯಿ ಕಣ್ಣಲ್ಲೇ ಗದರಬೇಕಿತ್ತು. ಗದರಲಿಲ್ಲ.

"ದೊಡ್ಡಪ್ಪಾ, ಕೆಟ್ಟಿದ್ದು ಸ್ಪೀಕರ್ ತಾನೆ? ಮತ್ತೆ ನಮ್ಮನ್ನ ಯಾಕೆ ತೆಗೆದುಹಾಕೋದು?"